ಕೊಲ್ಲದೆ ಗೆಲ್ಲುವ ಬೇವು

ಹುನಗುಂದ ಸೀಮೆಯ ಎರೆ ಹೊಲಗಳಲ್ಲಿ ಹತ್ತಿ ಒಡೆಯುವ ಹೊತ್ತಿಗೆ ಒಂದು ಕೆಂಪು ಹುಳು ತಪ್ಪದೆ ಹಾಜರಾಗುತ್ತದೆ. ಬೆನ್ನ ಮೇಲೆ ಎರಡು ಕಪ್ಪು ಚುಕ್ಕೆ, ಹೊಟ್ಟೆಯಡಿ ಬಿಳಿ ಪಟ್ಟೆ. ಗಂಡು ಹೆಣ್ಣು ಹಿಂಬದಿಯಲ್ಲಿ ಅಂಟಿಕೊಂಡು, ಒಂದು ಮುಂದಕ್ಕೆ ನಡೆದರೆ ಇನ್ನೊಂದು ಹಿಂದಕ್ಕೆ ಸರಿಯುವ ಈ ಜೋಡಿಯನ್ನು ಹತ್ತಿ ಬಿಡಿಸಲು ಹೋದವರೆಲ್ಲ ನೋಡಿಯೇ ಇರುತ್ತಾರೆ. ಕೃಷಿ ಪುಸ್ತಕಗಳಲ್ಲಿ ಇದರ ಹೆಸರು ಕೆಂಪು ತಿಗಣೆ. ಕಾಯಿಯೊಳಗಿನ ಬೀಜದ ರಸ ಹೀರುವ ಇದು ಅರಳೆಗೆ ಹಳದಿ ಕಲೆ ಹಚ್ಚಿ ಹೋಗುತ್ತದೆ. ಕಲೆ ಬಿದ್ದ ಅರಳೆಗೆ ಪೇಟೆಯಲ್ಲಿ ದರ ಸಿಗುವುದಿಲ್ಲ.

ಈ ತಿಗಣೆಯ ಕುಲಕ್ಕೂ ದಿನಪತ್ರಿಕೆಗೂ ಒಂದು ವಿಚಿತ್ರ ಸಂಬಂಧವಿದೆ. ಅದನ್ನು ಬಿಡಿಸುತ್ತ ಹೋದರೆ ಮನೆಯಂಗಳದ ಬೇವಿನ ಮರದವರೆಗೆ, ಅಲ್ಲಿಂದ ಯುರೋಪಿನ ಪೇಟೆಂಟ್ ಕಚೇರಿಯ ಬಾಗಿಲಿನವರೆಗೆ ದಾರಿ ಸಾಗುತ್ತದೆ.

ಪತ್ರಿಕೆ ಕೆಡಿಸಿದ ತಿಗಣೆ

1964ರ ಮಾತು. ಆಗಿನ ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಿಂದ ಕಾರೆಲ್ ಸ್ಲಾಮಾ ಎಂಬ ಕೀಟವಿಜ್ಞಾನಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಂದರು. ಜೊತೆಯಲ್ಲಿ ತಮ್ಮ ಪ್ರಯೋಗದ ಹುಳುಗಳನ್ನೂ ತಂದಿದ್ದರು. ಅವು ನಮ್ಮ ಕೆಂಪು ತಿಗಣೆಯ ಯುರೋಪಿನ ದಾಯಾದಿಗಳು. ಪ್ರಾಗ್‌ನಲ್ಲಿ ಹತ್ತು ವರ್ಷ ಯಾವ ತಕರಾರೂ ಇಲ್ಲದೆ ಬೆಳೆದಿದ್ದ ಈ ತಿಗಣೆಗಳು ಹಾರ್ವರ್ಡ್‌ನಲ್ಲಿ ಹಟ ಹಿಡಿದವು. ಐದನೇ ಹಂತದ ಮರಿ ಪೊರೆ ಕಳಚಿ ರೆಕ್ಕೆಯ ಪ್ರೌಢ ತಿಗಣೆಯಾಗಬೇಕು. ಆದರೆ ಇಲ್ಲಿ ಅದು ಆರನೇ ಹಂತದ ಮರಿಯಾಯಿತು. ಕೆಲವು ಏಳನೆಯದಕ್ಕೂ ಹೋದವು. ದೈತ್ಯಾಕಾರದ ಮಕ್ಕಳಾಗಿ ಬೆಳೆದವೇ ಹೊರತು ಒಂದಕ್ಕೂ ಪ್ರಾಯ ಬರಲಿಲ್ಲ, ಹಾಗೆಯೇ ಸತ್ತವು.

ಸ್ಲಾಮಾ ಮತ್ತು ಹಾರ್ವರ್ಡ್‌ನ ಪ್ರಾಧ್ಯಾಪಕ ಕ್ಯಾರಲ್ ವಿಲಿಯಮ್ಸ್ ನೀರು, ಆಹಾರ, ಬೆಳಕು ಎಲ್ಲವನ್ನೂ ಒಂದೊಂದಾಗಿ ಬದಲಿಸಿ ನೋಡಿದರು. ಕೊನೆಗೆ ಸಿಕ್ಕಿಬಿದ್ದದ್ದು ಹುಳುಗಳ ಕೆಳಗೆ ಹಾಸಿದ್ದ ಕಾಗದ. ಪ್ರಾಗ್‌ನಲ್ಲಿ ಹಾಸುತ್ತಿದ್ದದ್ದು ಪ್ರಯೋಗಾಲಯದ ಸೋಸುಕಾಗದ. ಹಾರ್ವರ್ಡ್‌ನಲ್ಲಿ ಕೈ ಒರೆಸುವ ಕಾಗದ. ಸಂಶಯ ಬಂದ ಮೇಲೆ ಅವರು ಕೈಗೆ ಸಿಕ್ಕ ಪತ್ರಿಕೆಗಳನ್ನೆಲ್ಲ ಹಾಸಿ ಪರೀಕ್ಷಿಸಿದರು. ‘ನ್ಯೂಯಾರ್ಕ್ ಟೈಮ್ಸ್’ ಮತ್ತು ‘ವಾಲ್ ಸ್ಟ್ರೀಟ್ ಜರ್ನಲ್’ ಮೇಲೆ ಕೂತ ತಿಗಣೆಗಳಿಗೆ ಪ್ರಾಯ ಬರಲಿಲ್ಲ. ಲಂಡನ್ನಿನ ‘ಟೈಮ್ಸ್’ ಮತ್ತು ‘ನೇಚರ್’ ಮೇಲೆ ಕೂತವು ಸಲೀಸಾಗಿ ಬೆಳೆದವು. ಕನ್ನಡ ಪತ್ರಿಕೆಗಳು ಆ ಪಟ್ಟಿಯಲ್ಲಿರಲಿಲ್ಲ ಎಂಬುದಷ್ಟೇ ಕೊರತೆ!

ಅಮೆರಿಕದ ಕಾಗದ ತಯಾರಾಗುತ್ತಿದ್ದುದು ಹೆಚ್ಚಾಗಿ ಬಾಲ್ಸಮ್ ಫರ್ ಎಂಬ ಮರದ ತಿರುಳಿನಿಂದ. ಆ ಮರದಲ್ಲಿದ್ದ ರಾಸಾಯನಿಕ ವಸ್ತು ತಿಗಣೆಯ ದೇಹದಲ್ಲಿರುವ ಹಾರ್ಮೋನಿನಂತೆ ನಟಿಸುತ್ತಿತ್ತು. ಮರ ಕಡಿದು, ಬೇಯಿಸಿ, ಕಾಗದ ಮಾಡಿ, ಸುದ್ದಿ ಅಚ್ಚು ಹಾಕಿದರೂ ಅದರ ಕಸುವು ಹೋಗಿರಲಿಲ್ಲ. 1966ರಲ್ಲಿ ವಿಲಿಯಂ ಬೋವರ್ಸ್ ಮತ್ತು ಸಂಗಡಿಗರು ಅದನ್ನು ಬೇರ್ಪಡಿಸಿ ‘ಜುವಾಬಯೋನ್’ ಎಂದು ಹೆಸರಿಟ್ಟರು. ಅದೇ ವರ್ಷ ಭಾರತೀಯ ವಿಜ್ಞಾನಿ ಕೆ.ಎನ್. ಸಕ್ಸೇನಾ ಅವರು ವಿಲಿಯಮ್ಸ್ ಜೊತೆಗೂಡಿ ‘ನೇಚರ್’ನಲ್ಲಿ ಒಂದು ವರದಿ ಪ್ರಕಟಿಸಿದರು. ಭಾರತದ ಕೆಂಪು ಹತ್ತಿ ತಿಗಣೆಗೂ ಈ ಕಾಗದದ ವಸ್ತು ಹಾಗೆಯೇ ಪ್ರಾಯ ತಪ್ಪಿಸುತ್ತದೆ ಎಂಬುದು ಅದರ ಸಾರ. ಹುನಗುಂದದ ಹೊಲದ ಹುಳು ಹೀಗೆ ವಿಜ್ಞಾನದ ಚರಿತ್ರೆಗೆ ಸೇರಿತು.

ಪೊರೆ ಕಳಚುವ ಗಳಿಗೆ

ಇಷ್ಟಕ್ಕೂ ಆ ವಸ್ತು ಮಾಡಿದ್ದೇನು? ಕೀಟಕ್ಕೆ ನಮ್ಮಂತೆ ಒಳಗೆ ಎಲುಬಿಲ್ಲ. ಮೈಮೇಲಿನ ಗಟ್ಟಿ ಕವಚವೇ ಅದರ ಆಧಾರ. ಕವಚ ಹಿಗ್ಗುವುದಿಲ್ಲ. ಆದ್ದರಿಂದ ಬೆಳೆಯಬೇಕಾದರೆ ಹಳೆಯದನ್ನು ಕಳಚಿ ಹೊಸದನ್ನು ತೊಡಬೇಕು. ರೇಷ್ಮೆ ಹುಳು ಸಾಕುವವರಿಗೆ ಇದು ಚೆನ್ನಾಗಿ ಗೊತ್ತು. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗದೆ ಕೂತಾಗ ಅವರು ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳು ಗೂಡು ಕಟ್ಟುತ್ತದೆ.

ಈ ಜ್ವರಗಳನ್ನು ನಡೆಸುವುದು ಮುಖ್ಯವಾಗಿ ಎರಡು ಹಾರ್ಮೋನುಗಳು. ಮೊದಲನೆಯದು ‘ಈಗ ಅಂಗಿ ಬದಲಿಸು’ ಎಂದು ಹೊತ್ತು ಹೇಳುತ್ತದೆ. ಅದಕ್ಕೆ ಎಕ್ಡೈಸೋನ್ ಎಂದು ಹೆಸರು. ಪೊರೆ ಹಾರ್ಮೋನು ಎನ್ನಬಹುದು. ಎರಡನೆಯದು ಮಗುವಿನ ಅಂಗಿಯೋ ದೊಡ್ಡವರ ಅಂಗಿಯೋ ಎಂಬುದನ್ನು ತೀರ್ಮಾನಿಸುತ್ತದೆ. ಇದು ಎಳೆತನದ ಹಾರ್ಮೋನು. ರಕ್ತದಲ್ಲಿ ಇದು ಇರುವಷ್ಟು ಕಾಲ ಮರಿ ಮರಿಯಾಗಿಯೇ ಉಳಿಯುತ್ತದೆ. ಇದು ಇಳಿದ ಮೇಲೆ ಪ್ರಾಯ. 1930ರ ದಶಕದಲ್ಲಿ ಲಂಡನ್ನಿನ ವಿ.ಬಿ. ವಿಗಲ್ಸ್‌ವರ್ತ್ ರಕ್ತ ಹೀರುವ ಒಂದು ತಿಗಣೆಯ ತಲೆ ಕತ್ತರಿಸಿ, ಅದನ್ನು ಇನ್ನೊಂದು ತಿಗಣೆಗೆ ಮೇಣದಲ್ಲಿ ಅಂಟಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿ ಈ ಗುಟ್ಟನ್ನು ಹೊರಗೆಳೆದಿದ್ದರು. ಬಾಲ್ಸಮ್ ಫರ್ ಮರ ನಕಲು ಮಾಡಿದ್ದು ಈ ಎರಡನೇ ಹಾರ್ಮೋನನ್ನು.

ಮರಗಿಡಗಳು ಈ ವಿದ್ಯೆ ಕಲಿತದ್ದು ಒಂದೆರಡು ಕಡೆಯಲ್ಲ. ಬಾದಾಮಿ, ಗುಳೇದಗುಡ್ಡದ ಹಾದಿಬದಿಯ ಬೇಲಿಗಳಲ್ಲಿ ಬೆಳೆಯುವ ಉತ್ತರಾಣಿಯನ್ನೇ ನೋಡಿ. ನಡೆದು ಹೋದವರ ಪಂಚೆಗೆ, ಸೀರೆಯ ಅಂಚಿಗೆ ಅದರ ಕಾಳು ಚುಚ್ಚಿಕೊಳ್ಳುತ್ತದೆ. ಗಣೇಶನ ಪೂಜೆಯ ಪತ್ರೆಗಳಲ್ಲಿ ಅದಕ್ಕೂ ಒಂದು ಸ್ಥಾನವಿದೆ. 1970ರಲ್ಲಿ ಮುಂಬೈ ಬಳಿಯ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ಬ್ಯಾನರ್ಜಿ ಮತ್ತು ಚಡ್ಡಾ ಎಂಬ ವಿಜ್ಞಾನಿಗಳು ಇದರ ಬೇರಿನಲ್ಲಿ ಕೀಟಗಳ ಪೊರೆ ಹಾರ್ಮೋನನ್ನೇ ಕಂಡರು. ನಕಲಲ್ಲ, ಅಸಲೇ! ಇದರ ಬೆಲೆ ತಿಳಿಯಬೇಕಾದರೆ ಹಿಂದಿನದೊಂದು ಲೆಕ್ಕ ನೋಡಬೇಕು. 1954ರಲ್ಲಿ ಜರ್ಮನಿಯ ಬೂಟೆನಾಂಟ್ ಮತ್ತು ಕಾರ್ಲ್‌ಸನ್ ಈ ಹಾರ್ಮೋನನ್ನು ಮೊದಲ ಬಾರಿಗೆ ಶುದ್ಧ ರೂಪದಲ್ಲಿ ಪಡೆದಾಗ 500 ಕಿಲೊ ರೇಷ್ಮೆ ಕೋಶಗಳನ್ನು ಅರೆದಿದ್ದರು. ಸಿಕ್ಕಿದ್ದು 25 ಮಿಲಿಗ್ರಾಂ. ಆಮೇಲೆ ಯುರೋಪಿನ ಒಂದು ಜರೀಗಿಡದ ಒಣಗಿದ ಗಡ್ಡೆ ಎರಡೂವರೆ ಗ್ರಾಂ ತೆಗೆದುಕೊಂಡರೆ ಅದೇ ಬಗೆಯ ಹಾರ್ಮೋನು ಅಷ್ಟೇ ಸಿಗುತ್ತದೆ ಎಂದು ತಿಳಿಯಿತು. ರಸಾಯನಶಾಸ್ತ್ರಜ್ಞರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಇಳಕಲ್ಲಿನ ಸೀರೆಯ ಕೆಂಪು ಸೆರಗಿಗೂ ಗುಳೇದಗುಡ್ಡದ ಖಣಕ್ಕೂ ಈ ಹಾರ್ಮೋನಿನ ನಂಟು ಇದೆ ಎಂದರೆ ಆಶ್ಚರ್ಯವಾಗಬಹುದು. ರೇಷ್ಮೆ ಮನೆಯಲ್ಲಿ ಎಲ್ಲ ಹುಳುಗಳೂ ಒಂದೇ ಹೊತ್ತಿಗೆ ಹಣ್ಣಾಗುವುದಿಲ್ಲ. ಹಣ್ಣಾದದ್ದನ್ನು ಆರಿಸಿ ಆರಿಸಿ ಚಂದ್ರಂಕಿಗೆ ಬಿಡುವಷ್ಟರಲ್ಲಿ ಮನೆಮಂದಿಗೆಲ್ಲ ಎರಡು ಮೂರು ದಿನ ನಿದ್ದೆಯಿಲ್ಲ. ಇದಕ್ಕೆ ಉಪಾಯವಾಗಿ, ಕೊನೆಯ ಮೇವಿನ ಸೊಪ್ಪಿನ ಮೇಲೆ ಗಿಡದಿಂದ ತೆಗೆದ ಪೊರೆ ಹಾರ್ಮೋನನ್ನು ಸಿಂಪಡಿಸುವ ಪದ್ಧತಿ ಬಂದಿದೆ. ಹುಳುಗಳೆಲ್ಲ ಒಟ್ಟಿಗೆ ಗೂಡಿಗೆ ಹತ್ತುತ್ತವೆ. ಶತ್ರುವನ್ನು ಕೆಡಿಸಲು ಗಿಡ ಕಲಿತ ಮಾತನ್ನು ಮನುಷ್ಯ ತಾನು ಸಾಕಿದ ಹುಳುವಿಗೆ ಅಪ್ಪಣೆ ಕೊಡಲು ಬಳಸಿಕೊಂಡಿದ್ದಾನೆ.

ಕಾಮಕಸ್ತೂರಿಯ ಎಣ್ಣೆಯಲ್ಲಿ ಎಳೆತನದ ಹಾರ್ಮೋನನ್ನು ಹೋಲುವ ವಸ್ತು ಇರುವುದನ್ನು 1980ರಲ್ಲಿ ಬೋವರ್ಸ್ ಮತ್ತು ನಿಶಿದಾ ತೋರಿಸಿದರು. ಕೂಸಿನ ಮುಂಗೈಗೆ ಕಟ್ಟುವ ಬಜೆಯದು ಇನ್ನೊಂದು ಕತೆ. ಅದರ ಬೇರಿನ ಎಣ್ಣೆಯಲ್ಲಿರುವ ಬೀಟಾ ಅಸರೋನ್ ಎಂಬ ವಸ್ತು ಕೀಟಗಳಿಗೆ ಸಂತಾನ ತಪ್ಪಿಸುತ್ತದೆ ಎಂದು 1977ರಲ್ಲಿ ಜಮ್ಮುವಿನ ಸಂಶೋಧಕರು ‘ನೇಚರ್’ನಲ್ಲೇ ಬರೆದರು. ಆದರೆ ಇವೆಲ್ಲ ಬೇವಿನ ಮುಂದೆ ಕಿರಿಯವು.

ಹಗೇವಿನಿಂದ ಪ್ರಯೋಗಾಲಯಕ್ಕೆ

ಬಾಗಲಕೋಟೆ, ಹುನಗುಂದ ಕಡೆಯ ಊರುಗಳಲ್ಲಿ ದ್ಯಾಮವ್ವ, ದುರಗವ್ವನ ಗುಡಿಯ ಮುಂದೆ ಬೇವಿನ ಮರವಿಲ್ಲದಿದ್ದರೆ ಏನೋ ಕಳೆದುಕೊಂಡಂತೆ. ಯುಗಾದಿಯ ದಿನ ಹಳೇ ಮೈಸೂರಿನವರು ಬೇವು–ಬೆಲ್ಲ ಜಗಿದರೆ, ಈ ಕಡೆಯವರು ಬೇವಿನ ಹೂವಿಗೆ ಪುಠಾಣಿ ಹಿಟ್ಟು, ಬೆಲ್ಲ, ಮಾವಿನಕಾಯಿ ಸೇರಿಸಿ ಪಾನಕ ಮಾಡಿ ಅದನ್ನೇ ‘ಬೇವು’ ಎಂದು ಕುಡಿಯುತ್ತಾರೆ. ಸುಗ್ಗಿ ಮುಗಿದ ಮೇಲೆ ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚುವ, ಮನೆಯಲ್ಲಿಡುವ ಕಾಳಿಗೆ ಬೂದಿ ಮತ್ತು ಒಣಗಿದ ಬೇವಿನ ತಪ್ಪಲು ಬೆರೆಸುವ ರೂಢಿ ಹಳೆಯದು. ಮಗುವಿನ ಹಾಸಿಗೆಯಡಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಕೂಡ ಅದೇ ತಪ್ಪಲು.

ಇಲ್ಲಿ ಒಂದು ಮಾತು ಹೇಳಬೇಕು. ಹಿಂದಿನವರದ್ದೆಲ್ಲ ವಿಜ್ಞಾನವೇ ಎಂದು ಹೊಗಳುವ ಚಪಲ ಬೇವಿನ ವಿಷಯದಲ್ಲಿ ಹೆಚ್ಚು. ಹಗೇವಿನ ಜೋಳ ಉಳಿಯುತ್ತಿದ್ದುದು ಮುಖ್ಯವಾಗಿ ಒಳಗೆ ಗಾಳಿಯಾಡದೆ ಹುಳು ಉಸಿರುಗಟ್ಟುತ್ತಿದ್ದುದರಿಂದ. ತಪ್ಪಲಿನ ಕೆಲಸ ಬಹುಪಾಲು ವಾಸನೆಯದು, ಕಹಿಯದು. ಬೇವಿನ ನಿಜವಾದ ಕಸುವು ಇರುವುದು ಬೀಜದಲ್ಲಿ. ಅದು ಏನು ಮಾಡುತ್ತದೆ ಎಂಬುದು ಹೊರಗಿನ ಕಣ್ಣಿಗೆ ಕಾಣುವಂಥದ್ದೂ ಆಗಿರಲಿಲ್ಲ.

ಅದನ್ನು ಕಂಡುಕೊಳ್ಳಲು ಹತ್ತಾರು ವರ್ಷ ಹಿಡಿಯಿತು. 1942ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಎಂಬ ರಸಾಯನಶಾಸ್ತ್ರಜ್ಞರು ಬೇವಿನೆಣ್ಣೆಯಿಂದ ನಿಂಬಿನ್, ನಿಂಬಿಡಿನ್ ಮೊದಲಾದ ಕಹಿ ವಸ್ತುಗಳನ್ನು ಬೇರ್ಪಡಿಸಿದರು. ದೇಶ ವಿಭಜನೆಯ ನಂತರ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದರು. 1959ರಲ್ಲಿ ಸುಡಾನಿನ ಮೇಲೆ ಮಿಡತೆಗಳ ದಂಡು ಎರಗಿತು. ಹಸಿರೆಲ್ಲ ಬೋಳಾದಾಗ ಬೇವಿನ ಮರಗಳಷ್ಟೇ ಎಲೆ ಉಳಿಸಿಕೊಂಡು ನಿಂತಿದ್ದುದು ಜರ್ಮನಿಯ ಕೀಟವಿಜ್ಞಾನಿ ಹೈನ್ರಿಶ್ ಷ್ಮುಟರರ್ ಅವರ ಕಣ್ಣಿಗೆ ಬಿತ್ತು. 1962ರಲ್ಲಿ ದೆಹಲಿಗೂ ಮಿಡತೆ ಬಂತು. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್, ಜೋತವಾನಿ ಮತ್ತು ರೈ ಬೇವಿನ ಬೀಜದ ತಿರುಳನ್ನು ಅರೆದು ನೀರಿಗೆ ಬೆರೆಸಿ ಬೆಳೆಗೆ ಸಿಂಪಡಿಸಿದರು. ಮಿಡತೆ ಬಂದು ಕೂತಿತು, ತಿನ್ನಲಿಲ್ಲ.

ಆ ವಸ್ತುವನ್ನು 1968ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಬಟರ್‌ವರ್ತ್ ಮತ್ತು ಮಾರ್ಗನ್ ಶುದ್ಧವಾಗಿ ತೆಗೆದು ‘ಅಜಾಡಿರಾಕ್ಟಿನ್’ ಎಂದು ಕರೆದರು. ಹೆಸರಿನ ಬೇರು ಪಾರಸಿಯ ‘ಆಜಾದ್ ದರಖ್ತ್’. ಸ್ವತಂತ್ರ ಮರ ಎಂದರ್ಥ. ಮುಂದೆ ಆ ಮರದ ಸ್ವಾತಂತ್ರ್ಯದ ಬಗ್ಗೆಯೇ ವ್ಯಾಜ್ಯ ಹೂಡಬೇಕಾಯಿತು ಎಂಬುದನ್ನು ನೆನೆದರೆ ಹೆಸರಿಟ್ಟವರು ಭವಿಷ್ಯ ನುಡಿದಂತಿದೆ.

ಅಲ್ಲಿಯವರೆಗೆ ಎಲ್ಲರೂ ತಿಳಿದಿದ್ದುದು ಬೇವು ಕಹಿ, ಆದ್ದರಿಂದ ಹುಳು ತಿನ್ನುವುದಿಲ್ಲ ಎಂದೇ. 1972ರಲ್ಲಿ ಈ ತಿಳಿವಳಿಕೆ ತಲೆಕೆಳಗಾಯಿತು. ಸಾಯುವಷ್ಟಲ್ಲದೆ, ಬಿಡುವಷ್ಟೂ ಅಲ್ಲದೆ ಒಂದಿಷ್ಟು ಬೇವನ್ನು ತಿಂದ ಹುಳುಗಳು ಹೊಟ್ಟೆ ತುಂಬ ಉಂಡು ಆರೋಗ್ಯವಾಗಿಯೇ ಕಾಣುತ್ತಿದ್ದವು. ಜ್ವರದ ಹೊತ್ತು ಬಂದಾಗ ಮಾತ್ರ ಪೊರೆ ಕಳಚಲಾಗುತ್ತಿರಲಿಲ್ಲ. ಕೆಲವು ಅರ್ಧ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಂಡವು. ಕೆಲವಕ್ಕೆ ರೆಕ್ಕೆ ಮುರುಟಿತು. ಪ್ರೌಢವಾದವು ಮೊಟ್ಟೆ ಕಡಿಮೆ ಇಟ್ಟವು. ಇಂಗ್ಲೆಂಡಿನ ರಸ್ಕೋ ಅವರೂ, ಆಫ್ರಿಕಾದ ಕಾಫಿ ತಿಗಣೆಯ ಮೇಲೆ ಕೆಲಸ ಮಾಡುತ್ತಿದ್ದ ಲಾಯ್ಷ್ನರ್ ಅವರೂ ಬೇರೆ ಬೇರೆಯಾಗಿ ಒಂದೇ ವರ್ಷ ಇದನ್ನು ವರದಿ ಮಾಡಿದರು.

ಕಾರಣ ಸ್ಪಷ್ಟವಾದದ್ದು 1980ರ ದಶಕದಲ್ಲಿ, ಮ್ಯೂನಿಕ್‌ನ ಹೈಂಟ್ಸ್ ರೆಂಬೋಲ್ಡ್ ಮತ್ತಿತರರ ಕೆಲಸದಿಂದ. ಪೊರೆ ಹಾರ್ಮೋನು ತಾನಾಗಿ ಹೊರಡುವುದಿಲ್ಲ. ಕೀಟದ ಮಿದುಳಿನಿಂದ ಒಂದು ಸಂದೇಶ ಬರಬೇಕು. ಬೇವು ಅಡ್ಡಗಟ್ಟುವುದು ಅಲ್ಲಿ. ಸಂದೇಶ ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಹಾರ್ಮೋನು ಏರಬೇಕಾದ ದಿನ ಏರುವುದಿಲ್ಲ. ಬಾಲ್ಸಮ್ ಫರ್ ಸುಳ್ಳು ಅಪ್ಪಣೆ ಕೊಟ್ಟರೆ, ಬೇವು ನಿಜವಾದ ಅಪ್ಪಣೆಯ ಟಪಾಲನ್ನೇ ತಡೆಹಿಡಿಯುತ್ತದೆ ಎನ್ನಬಹುದು. ಪೊರೆ ಕಳಚುವ ಈ ಏರ್ಪಾಡು ಮನುಷ್ಯನಿಗಾಗಲಿ ದನಕರುಗಳಿಗಾಗಲಿ ಇಲ್ಲ. ಎಲೆ ಕಡಿಯದ ಜೇನ್ನೊಣಕ್ಕೂ ಜೇಡಕ್ಕೂ ತಗಲುವ ಪೆಟ್ಟು ಸಣ್ಣದು.

ಈ ಅಣುವಿನ ರಚನೆ ಎಷ್ಟು ಜಟಿಲ ಎಂದರೆ ಅದನ್ನು ಬಿಡಿಸಲು 1985ರವರೆಗೆ, ಅಂದರೆ 17 ವರ್ಷ ಬೇಕಾಯಿತು. ಪ್ರಯೋಗಾಲಯದಲ್ಲಿ ಕೃತಕವಾಗಿ ಕಟ್ಟಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ ಮತ್ತೆ 22 ವರ್ಷ ಹಿಡಿಯಿತು. 2007ರಲ್ಲಿ ಅವರು ಪ್ರಕಟಿಸಿದ ದಾರಿಯಲ್ಲಿ 71 ಹೆಜ್ಜೆಗಳಿದ್ದವು. ಮಳೆಗಾಲದ ಮೊದಲು ಮರದಡಿ ಉದುರುವ ಹಣ್ಣಿನಲ್ಲಿ ಅದು ಸಿದ್ಧವಾಗಿಯೇ ಇರುತ್ತದೆ.

ಸಾಯದ ಹುಳು, ಕಾಯದ ಸಾಲ

ಇಷ್ಟೆಲ್ಲ ಗುಣವಿದ್ದರೂ ಹತ್ತಿಯ ಹೊಲದಲ್ಲಿ ಬೇವು ಯಾಕೆ ಗೆಲ್ಲಲಿಲ್ಲ? ಧಾರವಾಡ, ಬಿಜಾಪುರ ಸೀಮೆಯಲ್ಲಿ ಹಿಂದೆ ಬೆಳೆಯುತ್ತಿದ್ದುದು ಜಯಧರದಂಥ ನಾಟಿ ಹತ್ತಿ. ಇಳುವರಿ ಕಡಿಮೆ, ರೋಗ ರುಜಿನವೂ ಕಡಿಮೆ. 1970ರ ನಂತರ ಬಂದ ಸಂಕರ ತಳಿಗಳು ಇಳುವರಿಯ ಜೊತೆ ಕಾಯಿಕೊರಕ ಹುಳುವನ್ನೂ ಕರೆತಂದವು. 1980ರ ಸುಮಾರಿಗೆ ಸೈಪರ್‌ಮೆಥ್ರಿನ್, ಫೆನ್ವಲರೇಟ್ ಮೊದಲಾದ ಔಷಧಗಳು ಅಂಗಡಿಗೆ ಬಂದಾಗ ಸಂಜೆ ಹೊಡೆದರೆ ಬೆಳಿಗ್ಗೆ ಹುಳು ನೆಲದ ಮೇಲೆ ಬಿದ್ದಿರುತ್ತಿತ್ತು. ಕಣ್ಣಿಗೆ ಕಾಣುವ ಈ ಸಾವಿನ ಮುಂದೆ ಬೇವಿನ ನಿಧಾನ ಸಪ್ಪೆಯಾಯಿತು. ಬೇವು ಹೊಡೆದ ಹೊಲದಲ್ಲಿ ಮರುದಿನವೂ ಹುಳು ಗಿಡದ ಮೇಲೆಯೇ ಇರುತ್ತದೆ. ಮೇವು ಬಿಟ್ಟಿರಬಹುದು, ನಾಲ್ಕು ದಿನಕ್ಕೆ ಜ್ವರದಲ್ಲಿ ಸಿಕ್ಕಿ ಸಾಯಬಹುದು. ಆದರೆ ಬಡ್ಡಿಗೆ ಹಣ ತಂದು ಬಿತ್ತಿದವನಿಗೆ ಆ ನಾಲ್ಕು ದಿನ ಸುಮ್ಮನೆ ನೋಡುತ್ತ ಕೂರುವುದು ಸುಲಭವಲ್ಲ. ಬಲಿತ ದಪ್ಪ ಹುಳುವಿನ ಮೇಲೆ ಬೇವಿನ ಆಟ ಅಷ್ಟು ನಡೆಯುವುದಿಲ್ಲ ಎಂಬುದೂ ನಿಜ. ಮೊಟ್ಟೆಯೊಡೆದ ಸಣ್ಣ ಮರಿಯ ಹಂತದಲ್ಲೇ ಹೊಡೆಯಬೇಕು.

ಅಂಗಡಿಯ ಔಷಧದ ಪವಾಡ ಹೆಚ್ಚು ಕಾಲ ನಡೆಯಲಿಲ್ಲ. 1987ರಲ್ಲಿ ಆಂಧ್ರದ ಕರಾವಳಿ ಜಿಲ್ಲೆಗಳ ಹತ್ತಿಯಲ್ಲಿ ಕಾಯಿಕೊರಕ ಈ ಔಷಧಗಳಿಗೆ ಜಗ್ಗದೆ ನಿಂತಿತು. 1997–98ರಲ್ಲಿ ಅದೇ ಹುಳು ಗುಲ್ಬರ್ಗಾ, ಬೀದರ್ ಕಡೆಯ ತೊಗರಿಯನ್ನು ನುಂಗಿತು. ಸಾಲ ಮಾಡಿ ಮೇಲಿಂದ ಮೇಲೆ ಔಷಧ ಹೊಡೆದವರ ಆತ್ಮಹತ್ಯೆಗಳು ಪತ್ರಿಕೆಗಳ ಮುಖಪುಟಕ್ಕೆ ಬಂದವು. ಕೃಷಿ ತಜ್ಞರು ಬೇವಿನ ಕಷಾಯವನ್ನು ಮತ್ತೆ ನೆನಪಿಸಿದರು. ಗಿಡ ಅಲುಗಾಡಿಸಿ ಹುಳು ಉದುರಿಸುವ ಉಪಾಯವನ್ನೂ ಹೇಳಿಕೊಟ್ಟರು. 2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ಕಾಯಿಕೊರಕದ ಕಾಟ ತಗ್ಗಿತು. ಆದರೆ ರಸ ಹೀರುವ ಹುಳುಗಳಿಗೆ ಬಿಟಿ ಏನೂ ಮಾಡುವುದಿಲ್ಲ. ಕೆಂಪು ತಿಗಣೆ ಇಂದಿಗೂ ತನ್ನ ಜೋಡಿಯೊಂದಿಗೆ ಓಡಾಡಿಕೊಂಡಿದೆ.

ಮರ ಯಾರದು?

ಇತ್ತ ರೈತರು ಬೇವನ್ನು ಮರೆಯುತ್ತಿದ್ದ ಕಾಲದಲ್ಲೇ ಅತ್ತ ಅದಕ್ಕೆ ಗಿರಾಕಿ ಹುಟ್ಟಿದ್ದರು. ಅಮೆರಿಕದ ವಿಸ್ಕಾನ್ಸಿನ್‌ನ ರಾಬರ್ಟ್ ಲಾರ್ಸನ್ ಎಂಬ ಮರದ ವ್ಯಾಪಾರಿ ಭಾರತದಲ್ಲಿ ಬೇವಿನ ಬಳಕೆ ಕಂಡು ಬೀಜ ತರಿಸಿಕೊಂಡು ‘ಮಾರ್ಗೊಸಾನ್–ಓ’ ಎಂಬ ಕೀಟನಾಶಕ ತಯಾರಿಸಿದ. 1985ರಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆಯೂ ಪೇಟೆಂಟೂ ಸಿಕ್ಕವು. 1988ರಲ್ಲಿ ಅದನ್ನು ಡಬ್ಲ್ಯು.ಆರ್. ಗ್ರೇಸ್ ಎಂಬ ದೊಡ್ಡ ಕಂಪನಿಗೆ ಮಾರಿದ. ಅಜಾಡಿರಾಕ್ಟಿನ್ ಬಹುಬೇಗ ಕೆಡುತ್ತದೆ. ಅದು ಕೆಡದಂತೆ ಬಾಟಲಿಯಲ್ಲಿ ಇಡುವ ವಿಧಾನಕ್ಕೆ 1992ರಲ್ಲಿ ಗ್ರೇಸ್ ಅಮೆರಿಕದಲ್ಲಿ ಇನ್ನೊಂದು ಪೇಟೆಂಟ್ ಪಡೆಯಿತು. ಮರುವರ್ಷ ಪಿ.ಜೆ. ಮಾರ್ಗೊ ಎಂಬ ಭಾರತೀಯ ಸಂಸ್ಥೆಯ ಜೊತೆ ಸೇರಿ ನಮ್ಮದೇ ತುಮಕೂರಿನಲ್ಲಿ ಬೀಜ ಸಂಸ್ಕರಿಸುವ ಕಾರ್ಖಾನೆ ತೆರೆಯಿತು. ಅದುವರೆಗೆ ಬಿಟ್ಟಿ ಸಿಗುತ್ತಿದ್ದ ಬೇವಿನ ಬೀಜಕ್ಕೆ ಬೆಲೆ ಬಂತು. ಆಯ್ದು ಮಾರುವ ಬಡವರಿಗೆ ನಾಲ್ಕು ಕಾಸಾಯಿತು ಎಂದು ಕಂಪನಿಯ ಪರವಾದವರೂ, ಎಣ್ಣೆ ತೆಗೆಯುವ ಊರಿನವರಿಗೆ ಬೀಜ ದುಬಾರಿಯಾಯಿತು ಎಂದು ಎದುರಾಳಿಗಳೂ ವಾದಿಸಿದರು. ಎರಡೂ ಪೂರ್ತಿ ಸುಳ್ಳಾಗಿರಲಾರವು.

ಅದು ಡಂಕೆಲ್ ಪ್ರಸ್ತಾವದ ಕಾಲ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟಿತ್ತು. 1993ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ರೈತರ ಬೃಹತ್ ಸಮಾವೇಶ ನಡೆಯಿತು. ಬೇವು ಆ ಚಳವಳಿಯ ಗುರುತುಗಳಲ್ಲಿ ಒಂದಾಯಿತು. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದರೂ ಇನ್ನು ಅಮೆರಿಕಕ್ಕೆ ಕಪ್ಪ ಕಟ್ಟಬೇಕು ಎಂಬ ಮಾತು ಹಳ್ಳಿಗಳಲ್ಲಿ ಹಬ್ಬಿತು. ಅದು ಹಾಗಿರಲಿಲ್ಲ. ಮರಕ್ಕಾಗಲಿ ಬೀಜಕ್ಕಾಗಲಿ ಯಾರೂ ಪೇಟೆಂಟ್ ಪಡೆದಿರಲಿಲ್ಲ. ಅಮೆರಿಕದ ಪೇಟೆಂಟ್ ಹುನಗುಂದದ ಹೊಲದಲ್ಲಿ ನಡೆಯುವಂಥದ್ದೂ ಅಲ್ಲ. ಆದರೆ ವದಂತಿಯ ಹಿಂದಿದ್ದ ಅಂಜಿಕೆಗೆ ಆಧಾರವಿತ್ತು. ಊರೆಲ್ಲ ಸೇರಿ ಉಳಿಸಿಕೊಂಡ ತಿಳಿವಳಿಕೆಯ ಮೇಲೆ ಕೊನೆಯ ಒಂದು ಹೆಜ್ಜೆ ಇಟ್ಟವನು ಇಡೀ ದಾರಿ ತನ್ನದು ಎನ್ನಬಹುದೇ?

ಈ ಪ್ರಶ್ನೆ ನ್ಯಾಯಪೀಠದ ಮುಂದೆ ಬಂದದ್ದು ಯುರೋಪಿನಲ್ಲಿ. ಅಮೆರಿಕದ ಕೃಷಿ ಇಲಾಖೆ ಮತ್ತು ಗ್ರೇಸ್ ಕಂಪನಿಗೆ 1994ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಒಂದು ಪೇಟೆಂಟ್ ನೀಡಿತ್ತು. ಗಮನಿಸಬೇಕಾದ ಸಂಗತಿಯೆಂದರೆ ಅದು ಕೀಟಕ್ಕೆ ಸಂಬಂಧಿಸಿದ್ದಲ್ಲ. ಬೇವಿನೆಣ್ಣೆಯಿಂದ ಬೆಳೆಯ ಬೂಷ್ಟು ರೋಗ ತಡೆಯುವ ವಿಧಾನದ್ದು. 1995ರಲ್ಲಿ ವಂದನಾ ಶಿವ, ಯುರೋಪಿನ ಸಂಸತ್ತಿನ ಹಸಿರು ಪಕ್ಷದ ಮಗ್ದಾ ಆಲ್ವೊಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ಸೇರಿ ತಕರಾರು ಅರ್ಜಿ ಹಾಕಿದರು.

ವಿಚಾರಣೆ ನಡೆದದ್ದು ಮ್ಯೂನಿಕ್‌ನಲ್ಲಿ. ಬೇವು ಹಾರ್ಮೋನನ್ನು ತಡೆಯುವ ಬಗೆ ಗೊತ್ತಾದ ಅದೇ ಊರಿನಲ್ಲಿ. ತಲೆತಲಾಂತರದ ಬಳಕೆ ಎಂಬ ವಾದ ಕೇಳಲು ಗಂಭೀರವಾಗಿತ್ತು. ಆದರೆ ಪೇಟೆಂಟ್ ಕಾನೂನು ಕೇಳುವುದು ತಾರೀಕು: ಇದೇ ವಿಧಾನವನ್ನು ಇಂಥ ದಿನಕ್ಕೆ ಮುಂಚೆ, ಇಂಥ ಕಡೆ, ಬಹಿರಂಗವಾಗಿ ಬಳಸಿದವರು ಯಾರು? ಅಜ್ಜಿಯ ಕೈ ಅಳತೆಗೆ ಅಲ್ಲಿ ದಾಖಲೆಯಿಲ್ಲ. ಹನ್ನೊಂದನೇ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಪಾಲನೆಗೆ ಒಂದು ಅಧ್ಯಾಯವೇ ಇದೆ. ಅಂಥ ಗ್ರಂಥಗಳು ನಾಡಿನ ಹೆಮ್ಮೆ ನಿಜ. ಆದರೆ ಎಣ್ಣೆ ತೆಗೆಯುವ ಒಂದು ಗೊತ್ತಾದ ವಿಧಾನದ ಮೇಲಿನ ಹಕ್ಕನ್ನು ಮುರಿಯಲು ಅವು ಸಾಲುವುದಿಲ್ಲ.

ಕೆಲಸಕ್ಕೆ ಬಂದದ್ದು ಮಹಾರಾಷ್ಟ್ರದ ಕೃಷಿ ಉತ್ಪನ್ನ ಕಂಪನಿಯೊಂದರ ವ್ಯವಸ್ಥಾಪಕರ ಸಾಕ್ಷ್ಯ. 1985 ಮತ್ತು 1986ರ ಬೇಸಿಗೆಯಲ್ಲಿ ಪುಣೆ ಹಾಗೂ ಸಾಂಗ್ಲಿ ಜಿಲ್ಲೆಗಳ ಹೊಲಗಳಲ್ಲಿ, ರೈತರ ಕಣ್ಣೆದುರು, ಇದೇ ಬಗೆಯಲ್ಲಿ ತೆಗೆದ ಬೇವಿನ ಸಾರವನ್ನು ಪ್ರಯೋಗಿಸಿದ್ದೆವು ಎಂದು ಅವರು ಹೇಳಿದರು. ಸಾಂಗ್ಲಿ ಎಂದರೆ ಕೃಷ್ಣೆಯ ಮೇಲ್ದಂಡೆ. ಅದೇ ನೀರು ಹರಿದು ಬಂದು ಬಾಗಲಕೋಟೆ ಜಿಲ್ಲೆಯನ್ನು ಮುಟ್ಟುತ್ತದೆ. 2000ದ ಮೇ 10ರಂದು ಪೇಟೆಂಟ್ ರದ್ದಾಯಿತು. ಮೇಲ್ಮನವಿ 2005ರ ಮಾರ್ಚ್ 8ರಂದು ವಜಾ ಆಯಿತು. ಒಂದು ವರ್ಷದ ಹಿಂದೆ, 2004ರ ಫೆಬ್ರುವರಿಯಲ್ಲಿ, ನಂಜುಂಡಸ್ವಾಮಿ ತೀರಿಕೊಂಡಿದ್ದರು.

ಈ ತೀರ್ಪಿನಿಂದ ಅಮೆರಿಕದ ಪೇಟೆಂಟುಗಳೇನೂ ಬಿದ್ದುಹೋಗಲಿಲ್ಲ. ಭಾರತ ಸರ್ಕಾರ 2001ರಲ್ಲಿ ಸಾಂಪ್ರದಾಯಿಕ ಜ್ಞಾನವನ್ನು ಪೇಟೆಂಟ್ ಕಚೇರಿಗಳಿಗೆ ಅರ್ಥವಾಗುವ ಭಾಷೆಯಲ್ಲಿ ದಾಖಲಿಸುವ ಕೆಲಸ ಆರಂಭಿಸಿತು. ಅರಿಸಿನ, ಬೇವಿನ ವ್ಯಾಜ್ಯಗಳು ಕಲಿಸಿದ ಪಾಠ ಅದು. ಆದರೆ ಅದರಲ್ಲಿ ಸೇರುವುದು ಬಹುಪಾಲು ಗ್ರಂಥಗಳಲ್ಲಿ ಬರೆದಿಟ್ಟದ್ದು. ಹಗೇವಿನ ಬಾಯಿ ಮುಚ್ಚುತ್ತಿದ್ದವರು ಏನನ್ನೂ ಬರೆದಿಡಲಿಲ್ಲ.

ಇಂದು ಬಾಗಲಕೋಟೆಯ ಔಷಧದಂಗಡಿಗಳಲ್ಲಿ ಅಜಾಡಿರಾಕ್ಟಿನ್ 300, 1500, 10000 ಪಿಪಿಎಂ ಎಂಬ ಚೀಟಿ ಹೊತ್ತ ಬಾಟಲಿಗಳಲ್ಲಿ ಸಿಗುತ್ತದೆ. ಮನೆಯಲ್ಲೇ ಮಾಡುವವರಿಗೆ ಲೆಕ್ಕ ಸರಳ: ಐದು ಕಿಲೊ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ನೂರು ಲೀಟರಿಗೆ ಬೆರೆಸಿ, ಎಲೆಗೆ ಅಂಟಿಕೊಳ್ಳಲು ಸ್ವಲ್ಪ ಸಾಬೂನು ಪುಡಿ ಹಾಕಬೇಕು. ಕಷ್ಟವಿರುವುದು ಹೊತ್ತು ಹೊಂದಿಸುವುದರಲ್ಲಿ. ಹಣ್ಣು ಉದುರುವುದು ಕಾರಹುಣ್ಣಿಮೆಯ ಆಸುಪಾಸಿನಲ್ಲಿ, ಬಿತ್ತನೆಯ ಗಡಿಬಿಡಿಯ ನಡುವೆ. ಹುಳು ಬೀಳುವುದು ದಸರೆ, ದೀಪಾವಳಿಗೆ. ನಡುವಿನ ತಿಂಗಳುಗಳಲ್ಲಿ ಬೀಜಕ್ಕೆ ಬೂಷ್ಟು ಹಿಡಿಯದಂತೆ ನೆರಳಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿ ಕಟ್ಟಿಡಬೇಕು. ಬಿಸಿಲು ಅಜಾಡಿರಾಕ್ಟಿನ್‌ಗೆ ಆಗದು. ಆದ್ದರಿಂದಲೇ ಸಿಂಪಡಣೆ ಸಂಜೆ ನಾಲ್ಕರ ಮೇಲೆ, ಅದೂ ಹಿಂಡಿದ ದಿನವೇ. ಮರುದಿನಕ್ಕೆ ಉಳಿದ ಕಷಾಯ ನಾಲಿಗೆಗೆ ಅಷ್ಟೇ ಕಹಿಯಾಗಿರಬಹುದು, ಹುಳುವಿನ ಮೇಲಿನ ಅದರ ಹಿಡಿತ ಮಾತ್ರ ಸಡಿಲವಾಗಿರುತ್ತದೆ.